ಹೊಳೆಗೆ ಬಿದ್ದನೋ, ಯಾರಾದರೂ ನೂಕಿದರೋ: ಶವಪರೀಕ್ಷೆ ಎಷ್ಟು ಹೇಳುತ್ತದೆ?

ಓದುಗರ ಪ್ರಶ್ನೆ:

"ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನಾನು ಜಮಖಂಡಿ ಹತ್ತಿರ ಹೈಸ್ಕೂಲ್ ಮಾಸ್ತರ್. ಒಂದು ಸಸ್ಪೆನ್ಸ್ ಕಾದಂಬರಿ ಬರೆಯುತ್ತಿದ್ದೇನೆ. ಆಲಮಟ್ಟಿ ಹಿನ್ನೀರಿನ ನಡುಗಡ್ಡೆಯಲ್ಲಿ ಒಂದು ಮೀನು ಹಿಡಿಯುವ ರೆಸಾರ್ಟ್. ಬೋಟ್ ಬಿಟ್ಟರೆ ಬೇರೆ ದಾರಿ ಇಲ್ಲ. ಶ್ರಾವಣದ ಮಳೆ. ಗಾಳ ಹಾಕಲು ಬಂದ ಆರು ಜನ, ಮಾಲೀಕ, ಅಡುಗೆಯವ, ಒಬ್ಬ ಅಂಬಿಗ. ಎರಡನೇ ರಾತ್ರಿ ಮಾಲೀಕನ ತಲೆಗೆ ಯಾರೋ ಬೋಟಿನ ಹುಟ್ಟಿನಿಂದ ಹೊಡೆದು ಕೊಂದು, ನೀರಿಗೆ ಹಾಕುತ್ತಾರೆ. 12 ದಿನದ ಮೇಲೆ ಹೆಣ ತೇಲುತ್ತದೆ, ಮುಖ ಮಾತ್ರ ಹಾಗೇ ಇರುತ್ತದೆ. ಡಾಕ್ಟರು ದಂಡೆಯ ಮೇಲೆ ನಿಂತು ನೋಡಿ 'ಇದು ಕೊಲೆ, ರಾತ್ರಿ ಹನ್ನೊಂದೂಕಾಲಿಗೆ ಆಗಿದೆ' ಅನ್ನುತ್ತಾರೆ. ಒಬ್ಬ ಗೆಳೆಯ ಓದಿ, ಹೀಗೆಲ್ಲ ಆಗೋದಿಲ್ಲ ಅಂದ. ಇನ್ನೊಬ್ಬ, ಶ್ವಾಸಕೋಶದಲ್ಲಿ ನೀರಿದ್ದರೆ ಮುಳುಗಿ ಸತ್ತ, ಇಲ್ಲದಿದ್ದರೆ ಕೊಲೆ, ಅಷ್ಟೇ ಅಂದ. ಯಾವುದು ಸರಿ?

ಈ ಕಥೆ ಹುಟ್ಟಿದ್ದು ನಮ್ಮ ಸೋದರಮಾವನಿಂದ. ನಾನು ಆರನೇ ಇಯತ್ತೆಯಲ್ಲಿದ್ದಾಗ ಅವರು ಘಟಪ್ರಭಾ ಹೊಳೆಯಲ್ಲಿ ಹೋದರು. ಚೆನ್ನಾಗಿ ಈಜು ಬರುತ್ತಿತ್ತು. ಹೊಲದ ಜಗಳ ಇತ್ತು. ಮುಷ್ಟಿಯಲ್ಲಿ ಹುಲ್ಲು ಇತ್ತು, ಬಿಡಿಸಿದರೂ ಬಿಡಲಿಲ್ಲ ಅಂತ ನಮ್ಮ ಅಜ್ಜಿ ಸಾಯುವ ತನಕ ಹೇಳುತ್ತಿದ್ದಳು. ಆ ಹುಲ್ಲಿಗೆ ಏನಾದರೂ ಅರ್ಥ ಇದೆಯಾ?"

ಉತ್ತರ:

ಮಾಸ್ತರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿದ್ದು ಕಾದಂಬರಿ ಬಗ್ಗೆ, ಆದರೆ ಕೊನೆಯ ನಾಲ್ಕು ಸಾಲು ಬೇರೆಯೇ ಇವೆ. ಹುಲ್ಲಿನ ವಿಷಯಕ್ಕೆ ಕೊನೆಗೆ ಬರುತ್ತೇನೆ, ಖಂಡಿತ ಬರುತ್ತೇನೆ. ಅದಕ್ಕೂ ಮೊದಲು ಹೇಳಬೇಕಾದದ್ದು ಸ್ವಲ್ಪ ಇದೆ.

ನಿಮ್ಮ ಚಿಂತೆ ಇಷ್ಟು: ನೀರಿನಲ್ಲಿ ಸಿಕ್ಕ ಹೆಣವನ್ನು ನೋಡಿ, ಆತ ತಾನೇ ಬಿದ್ದನೋ, ಯಾರಾದರೂ ನೂಕಿದರೋ, ಸತ್ತ ಮೇಲೆ ಹಾಕಿದರೋ ಅಂತ ಡಾಕ್ಟರಿಗೆ ಗೊತ್ತಾಗುತ್ತದಾ? ಬೆಳಗಾವಿ ಕಡೆ ಬಹಳ ವರ್ಷ ಶವಪರೀಕ್ಷೆ ಮಾಡಿದವನಾಗಿ ನೇರವಾಗಿ ಹೇಳುತ್ತೇನೆ. ಸತ್ತ ಮೇಲೆ ಹಾಕಿದರೆ, ಹೆಣ ಬೇಗ ಸಿಕ್ಕರೆ, ಬಹಳ ಸಲ ಗೊತ್ತಾಗುತ್ತದೆ. ಜೀವಂತ ಇದ್ದವನನ್ನು ನೂಕಿದರೆ, ಮೈಮೇಲೆ ಒಂದು ಗೀರೂ ಇರದೇ ಹೋಗಬಹುದು. ಮುಳುಗಿ ಸತ್ತ ಅಂತ ನಾನು ಬರೆಯಬಲ್ಲೆ. ಯಾಕೆ ಮುಳುಗಿದ ಅನ್ನೋದು ದೇಹದಲ್ಲಿ ಬರೆದಿರೋದಿಲ್ಲ. ಅದು ಸುತ್ತಲಿನ ಸಾಕ್ಷಿಯಿಂದ ಬರಬೇಕು: ಕೊನೆಗೆ ಯಾರು ನೋಡಿದರು, ಚಪ್ಪಲಿ ಎಲ್ಲಿತ್ತು, ಬೋಟ್ ಯಾವ ದಂಡೆಗೆ ಕಟ್ಟಿತ್ತು. ನಿಮ್ಮ ಕಾದಂಬರಿಯ ಸಸ್ಪೆನ್ಸ್ ಇರೋದು ಇದೇ ಜಾಗದಲ್ಲಿ. ನೀವು ಮಾತ್ರ ಅದನ್ನು ಡಾಕ್ಟರ ಬಾಯಲ್ಲಿ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದೀರಿ.

ಈಗ ಆ 12 ದಿನದ ಲೆಕ್ಕ. ಇದು ನಮ್ಮ ನೀರಿನ ಲೆಕ್ಕ ಅಲ್ಲ. ಅಲಾಸ್ಕಾ, ಕೆನಡಾ ಕಡೆಯ ಕಾಡಿನ ನಡುವಿನ ಮೀನಿನ ಕ್ಯಾಂಪುಗಳ ಕಥೆಗಳಲ್ಲಿ ಹೆಣ ವಾರಗಟ್ಟಲೆ ಕೆಳಗೇ ಇರುತ್ತದೆ. ಅಲ್ಲಿ ಅದು ನಿಜ. ಆಳದ ಕೆರೆಗಳ ತಳದಲ್ಲಿ ನೀರು 4 ಡಿಗ್ರಿ ಆಸುಪಾಸು ಇರುತ್ತದೆ, ಅಷ್ಟು ತಣ್ಣಗಿದ್ದರೆ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಕೆಲಸ ಮಾಡೋದಿಲ್ಲ. ಅವು ಕೆಲಸ ಮಾಡದಿದ್ದರೆ ಗ್ಯಾಸ್ ಇಲ್ಲ, ಗ್ಯಾಸ್ ಇಲ್ಲದಿದ್ದರೆ ಹೆಣ ಮೇಲೆ ಬರೋದಿಲ್ಲ. ಕೆಲವೊಮ್ಮೆ ಎಂದೂ ಬರೋದಿಲ್ಲ. ಕೃಷ್ಣಾ ನೀರು ಹಾಗಲ್ಲ, ಬೆಚ್ಚಗಿನ ನೀರು. ಇಲ್ಲಿ ಹೆಣ ಮೊದಲು ಮುಳುಗುತ್ತದೆ, ಆಮೇಲೆ ಹೊಟ್ಟೆ ಉಬ್ಬಿ ತಾನೇ ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಒಂದು ದಿನದ ಆಸುಪಾಸು, ಚಳಿಗಾಲದಲ್ಲಿ ಎರಡು ಮೂರು ದಿನ. ಮಳೆಗಾಲ ಇವೆರಡರ ನಡುವೆ.

ಒಂದು ಸಲ ಅಥಣಿ ಕಡೆ ಕೃಷ್ಣಾ ದಂಡೆಯಲ್ಲಿ ಒಬ್ಬ ಹುಡುಗನನ್ನು ಹುಡುಕುತ್ತಿದ್ದರು. ಇಬ್ಬರು ಹರಿಗೋಲಿನಲ್ಲಿ ಕೂತು ಪಾತಾಳಗರಡಿ ಬಿಟ್ಟು ತಳ ಕೆದರುತ್ತಿದ್ದರು. ಬಾವಿಗೆ ಬಿದ್ದ ಕೊಡ ಎತ್ತುವ ಅದೇ ಕೊಕ್ಕೆಗಳ ಗೊಂಚಲು, ಹೊಳೆಗೆ ಸ್ವಲ್ಪ ದೊಡ್ಡದು, ಅಷ್ಟೇ. ಸಂಜೆ ಆಯಿತು, ಸಿಗಲಿಲ್ಲ. ಹಿರಿಯ ಮೀನುಗಾರನೊಬ್ಬ ನೀರಿನಲ್ಲಿ ಮೊಣಕೈ ತನಕ ಕೈ ಇಳಿಸಿ, ಸ್ವಲ್ಪ ಹೊತ್ತು ಹಾಗೇ ಇಟ್ಟು, "ನೀರು ಬೆಚ್ಚಗ ಐತ್ರಿ ಸಾಹೇಬ್ರ, ನಾಳೆ ಮಧ್ಯಾಹ್ನದೊಳಗ ತಾನ ಬರ್ತಾನ" ಅಂದ. ಮರುದಿನ ಹೊತ್ತು ನೆತ್ತಿಗೆ ಬರುವ ಮೊದಲೇ, ಬಿದ್ದ ಜಾಗದಿಂದ ಸ್ವಲ್ಪ ಕೆಳಗೆ, ಜಾಲಿ ಕಂಟಿಯ ಹತ್ತಿರ ಸಿಕ್ಕ. ನಾನು ಪುಸ್ತಕದಲ್ಲಿ ಓದಿದ್ದನ್ನು ಆತ ಮೊಣಕೈಯಿಂದ ಓದಿದ. ನಿಮ್ಮ ಅಂಬಿಗನ ಪಾತ್ರಕ್ಕೆ ಈ ಕೈ ಕೊಡಿ ಮಾಸ್ತರೇ.

ಹಾಗಂತ 12 ದಿನ ಸಾಧ್ಯವೇ ಇಲ್ಲ ಅಂತಲ್ಲ. ಹೆಣ ಎಲ್ಲಾದರೂ ಸಿಕ್ಕಿಹಾಕಿಕೊಂಡಿರಬೇಕು. ಅದಕ್ಕೆ ನಿಮ್ಮ ಜಾಗವೇ ಒಳ್ಳೆಯದು. ಆಲಮಟ್ಟಿ 519.60 ಮೀಟರಿಗೆ ತುಂಬಿದಾಗ ಕೆಳಗೆ ಏನೇನಿದೆ ಅಂತ ಬಾಗಲಕೋಟೆಯವರಿಗೆ ನಾನು ಹೇಳಬೇಕಾ? ಮುಳುಗಿದ ಊರುಗಳ ಗೋಡೆ, ಗುಡಿಯ ಕಂಬ, ಒಣಗಿದ ಮರ, ಜಾಲಿ ಕಂಟಿ. ಅವುಗಳ ನಡುವೆ ಹರಿದು ಬಿಟ್ಟ ನೈಲಾನ್ ಬಲೆಗಳು. ಬಲೆಯಲ್ಲಿ ಸುತ್ತಿಕೊಂಡ ಹೆಣ ಎಷ್ಟೇ ಉಬ್ಬಿದರೂ ಮೇಲೆ ಬರೋದಿಲ್ಲ. ಬಲೆ ಕಿತ್ತಾಗ ಅಥವಾ ನೀರು ಇಳಿದಾಗ ಬರುತ್ತದೆ. ಯಾವನೋ ಒಬ್ಬನ ಹಳೆ ಮನೆಯ ಬಾಗಿಲ ಚೌಕಟ್ಟಿನಲ್ಲೇ ಸಿಕ್ಕಿಕೊಂಡಿತ್ತು ಅಂತ ಬರೆದರೆ ನಾನಂತೂ ನಂಬುತ್ತೇನೆ.

ಆದರೆ ಮುಖ ಹಾಗೇ ಇರೋದಿಲ್ಲ. ಇದನ್ನು ದಯವಿಟ್ಟು ತೆಗೆದುಹಾಕಿ. ನೀರಿನಲ್ಲಿ ಹೆಣ ಕವುಚಿ, ತಲೆ ಕೆಳಗೆ ಜೋತು ತೇಲುತ್ತದೆ, ರಕ್ತ ಮುಖಕ್ಕೆ ಇಳಿಯುತ್ತದೆ, ಕೊಳೆಯೋದು ಅಲ್ಲಿಂದಲೇ ಜೋರಾಗಿ ಶುರು. ಮೀನು, ಏಡಿ, ಆಮೆ ಮೊದಲು ಹಿಡಿಯೋದು ಮೆತ್ತಗಿನ ಭಾಗ: ರೆಪ್ಪೆ, ತುಟಿ, ಕಿವಿ. ಕೃಷ್ಣಾದಲ್ಲಿ ಮೊಸಳೆಯೂ ಇದೆ. ಮನೆಯವರು ಮುಖದಿಂದ ಗುರುತು ಹಿಡಿಯೋದು ಎರಡು ಮೂರು ದಿನಕ್ಕೇ ಕಷ್ಟ ಆಗುತ್ತದೆ. ನಾನು ಕಂಡಂತೆ ಗುರುತು ಸಿಗೋದು ಉಡದಾರದಿಂದ, ಹಚ್ಚೆಯಿಂದ, ಅಂಗಿ ಹೊಲಿದ ಟೇಲರ್ ಲೇಬಲ್‌ನಿಂದ, ಹಲ್ಲಿನಿಂದ. ಅದೂ ಇಲ್ಲದಿದ್ದರೆ ಡಿಎನ್‌ಎ. ಬೆಳ್ಳಿ ಉಡದಾರದ ಕೊಂಡಿ ನೋಡಿ ಹೆಂಡತಿ ಅಲ್ಲೇ ಕುಸಿದು ಕೂತದ್ದನ್ನು ನೋಡಿದ್ದೇನೆ, ಮುಖಕ್ಕೆ ಹೊದಿಸಿದ ಬಟ್ಟೆಯನ್ನು ನಾವು ತೆಗೆದೇ ಇರಲಿಲ್ಲ.

ಶ್ವಾಸಕೋಶದಲ್ಲಿ ನೀರು ಅನ್ನುವ ಮಾತಿಗೆ ಬರೋಣ. ಇದು ಜನರಲ್ಲಿ ಬಹಳ ಗಟ್ಟಿಯಾಗಿ ಕೂತಿದೆ. ಸತ್ತವನನ್ನು ಹಾಕಿದರೂ ಗಂಟಲಿನ ಮೂಲಕ ಒಂದಿಷ್ಟು ನೀರು ಒಳಗೆ ಹೋಗುತ್ತದೆ, ಅದಕ್ಕೆ ಉಸಿರಾಟ ಬೇಕಿಲ್ಲ. ಆದ್ದರಿಂದ ನೀರು ಇದೆಯಾ ಇಲ್ಲವಾ ಅನ್ನುವುದಕ್ಕಿಂತ, ಉಸಿರಾಡಲು ಒದ್ದಾಡಿದ ಗುರುತು ಇದೆಯಾ ಅಂತ ನಾವು ನೋಡುತ್ತೇವೆ. ಜೀವ ಇದ್ದವನು ನೀರನ್ನು ಎಳೆದುಕೊಂಡಾಗ ಗಾಳಿ, ನೀರು, ಒಳಗಿನ ಲೋಳೆ ಮೂರೂ ಸೇರಿ ಸಣ್ಣ ಗುಳ್ಳೆಗಳ ಬಿಳಿ ನೊರೆ ಆಗುತ್ತದೆ, ಸೋಪಿನ ನೊರೆ ಥರ. ಬಾಯಿ ಮೂಗಿನಲ್ಲಿ ಕಾಣುತ್ತದೆ. ಒರೆಸಿದರೆ, ಎದೆ ಒತ್ತಿದರೆ, ಮತ್ತೆ ಬರುತ್ತದೆ. ಶ್ವಾಸಕೋಶ ಉಬ್ಬಿ ಎದೆಗೂಡು ತುಂಬಿರುತ್ತದೆ, ಪಕ್ಕೆಲುಬಿನ ಅಚ್ಚು ಅದರ ಮೇಲೆ ಮೂಡಿರುತ್ತದೆ. ಶ್ವಾಸನಾಳದ ಸಣ್ಣ ಕವಲುಗಳ ಒಳಗೆ ಎರಿ ಮಣ್ಣಿನ ನುಣುಪು ಕೆಸರು ಸಿಗುತ್ತದೆ. ಶ್ರಾವಣದ ಕೃಷ್ಣಾದಲ್ಲಿ ಕೆಸರಿಗೆ ಕೊರತೆ ಇಲ್ಲ.

ಇದರಲ್ಲೂ ಒಂದು ಎಚ್ಚರ. ನೊರೆ ಕಂಡ ಕೂಡಲೇ ಮುಳುಗಿದ ಅಂತ ಬರೆಯುವ ಹಾಗಿಲ್ಲ. ಹೊಲಕ್ಕೆ ಹೊಡೆಯುವ ಎಣ್ಣೆ ಕುಡಿದವರಲ್ಲೂ ನೊರೆ ಬರುತ್ತದೆ. ನಮ್ಮ ಕಡೆ ಕಬ್ಬು, ದ್ರಾಕ್ಷಿ, ದಾಳಿಂಬೆ ಬೆಳೆಯುವ ಊರುಗಳಲ್ಲಿ ಆ ಡಬ್ಬಿ ಪ್ರತಿ ಮನೆಯ ಮೂಲೆಯಲ್ಲಿದೆ. ವಿಷ ಕುಡಿಸಿ ನೀರಿಗೆ ಹಾಕಿದ್ದನ್ನು ಮುಳುಗಿದ ಸಾವು ಅಂತ ಬರೆದುಬಿಡುವ ಅಪಾಯ ಇದೆ, ಅದಕ್ಕೇ ಜಠರ, ಲಿವರ್, ಕಿಡ್ನಿ, ರಕ್ತ ಎಲ್ಲ ತೆಗೆದು ಪರೀಕ್ಷೆಗೆ ಕಳಿಸುತ್ತೇವೆ. ಬೆಳಗಾವಿಯಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ವರದಿ ಬರಲು ಬಹಳ ಸಲ ತಿಂಗಳುಗಳೇ ಬೇಕು. ಆ ತಿಂಗಳುಗಳಲ್ಲಿ ನಿಮ್ಮ ಆರು ಅತಿಥಿಗಳು ತಮ್ಮ ತಮ್ಮ ಊರಿಗೆ ಹೋಗಿ, ಪ್ರತಿ ಫೋನ್ ಕರೆಗೂ ಬೆಚ್ಚುತ್ತಾ ಇರಲಿ.

ಅಂಗೈ, ಅಂಗಾಲು ಬೆಳ್ಳಗೆ ಸುಕ್ಕುಗಟ್ಟಿತ್ತು, ಹಾಗಾಗಿ ಮುಳುಗಿಯೇ ಸತ್ತದ್ದು ಅಂತಲೂ ಹೇಳುತ್ತಾರೆ. ಅದು ನೀರಿನಲ್ಲಿ ಇತ್ತು ಅನ್ನೋದನ್ನು ಮಾತ್ರ ಹೇಳುತ್ತದೆ. ಬಟ್ಟೆ ಒಗೆದ ಕೈಗೂ ಸುಕ್ಕು ಬರುತ್ತದೆ ಅಲ್ವಾ.

12 ದಿನದ ಹೆಣದಲ್ಲಿ ಮುಳುಗಿದ ಈ ಗುರುತುಗಳು ಬಹುಮಟ್ಟಿಗೆ ಉಳಿದಿರೋದಿಲ್ಲ. ನೊರೆ ಹೋಗಿರುತ್ತದೆ, ಶ್ವಾಸಕೋಶ ಕುಗ್ಗಿರುತ್ತದೆ, ನೀರು ಎದೆಗೂಡಿಗೆ ಸೋರಿರುತ್ತದೆ. ಆಗ ಉಳಿಯೋದು ಡಯಾಟಮ್ ಪರೀಕ್ಷೆ. ಡಯಾಟಮ್ ಅಂದರೆ ಹೊಳೆ, ಕೆರೆ ನೀರಿನಲ್ಲಿ ಇರುವ ಕಣ್ಣಿಗೆ ಕಾಣದ ಪಾಚಿ. ಅದಕ್ಕೆ ಗಾಜಿನಂಥ ಚಿಪ್ಪು ಇದೆ, ಆ್ಯಸಿಡ್‌ನಲ್ಲಿ ಕುದಿಸಿದರೂ ಕರಗೋದಿಲ್ಲ. ಹೃದಯ ಬಡಿಯುತ್ತಿದ್ದಾಗ ನೀರು ಒಳಗೆ ಹೋದರೆ, ಈ ಚಿಪ್ಪುಗಳು ರಕ್ತದ ಜೊತೆ ಸೇರಿ ತೊಡೆ ಎಲುಬಿನ ಮಜ್ಜೆಯ ತನಕ ಹೋಗುತ್ತವೆ. ಹೃದಯ ನಿಂತ ಮೇಲೆ ಅಷ್ಟು ದೂರ ಒಯ್ಯುವವರು ಯಾರೂ ಇಲ್ಲ. ಹಾಗಾಗಿ ಎಲುಬಿನಲ್ಲಿ ಸಿಕ್ಕದ್ದನ್ನು ಆ ಜಾಗದ ನೀರಿನ ಜೊತೆ ಹೋಲಿಸುತ್ತಾರೆ. ಒಂದು ಉಪಾಯ ಹೇಳಲಾ? ಮಾಲೀಕನನ್ನು ಹಿನ್ನೀರಿನಲ್ಲಿ ಅಲ್ಲ, ಮೀನು ಮರಿ ಬಿಡುವ ತೊಟ್ಟಿಯಲ್ಲಿ ಮುಳುಗಿಸಿ ಆಮೇಲೆ ಹಿನ್ನೀರಿಗೆ ಹಾಕಿದ್ದರೆ, ಎಲುಬಿನಲ್ಲಿ ಸಿಕ್ಕ ಪಾಚಿ ಹಿನ್ನೀರಿನದರ ಜೊತೆ ಹೊಂದದೇ ಹೋಗಬಹುದು. ಆದರೆ ಈ ಪರೀಕ್ಷೆಯನ್ನು ಬ್ರಹ್ಮಾಸ್ತ್ರ ಮಾಡಬೇಡಿ. ನಿಜವಾಗಿ ಮುಳುಗಿದವರಲ್ಲೂ ಕೆಲವೊಮ್ಮೆ ಡಯಾಟಮ್ ಸಿಗೋದಿಲ್ಲ, ಪಾತ್ರೆ ಸರಿಯಾಗಿ ತೊಳೆಯದಿದ್ದರೆ ಇಲ್ಲದ್ದೂ ಸಿಗುತ್ತದೆ. ಇದರ ಬಗ್ಗೆ ನಮ್ಮವರಲ್ಲೇ ಭಿನ್ನಾಭಿಪ್ರಾಯ ಇದೆ. ಬೇರೆ ಸಾಕ್ಷಿಗೆ ಜೊತೆಯಾಗಿ ನಿಲ್ಲುವ ಸಾಕ್ಷಿ ಇದು.

ತಲೆಯ ಪೆಟ್ಟಿನ ವಿಷಯದಲ್ಲಿ ನೀವು ಹೆಚ್ಚು ಕೆಲಸ ಮಾಡಬೇಕು, ಯಾಕಂದರೆ ಕೊಲೆಗಾರ ಸಿಕ್ಕಿಬೀಳೋದು ಇಲ್ಲೇ. ಹುಟ್ಟಿನಿಂದ ಹೊಡೆದದ್ದನ್ನು "ಬೋಟಿನಿಂದ ಬೀಳುವಾಗ ಕಲ್ಲಿಗೆ ಬಡಿದದ್ದು" ಅಂತ ಆತ ಹೇಳುತ್ತಾನೆ. ಎರಡಕ್ಕೂ ವ್ಯತ್ಯಾಸ ಇದೆ. ನಿಂತಿರುವ ತಲೆಗೆ ಹೊಡೆದರೆ ಮಿದುಳಿಗೆ ಪೆಟ್ಟು ಸಾಮಾನ್ಯವಾಗಿ ಹೊಡೆದ ಬದಿಯಲ್ಲೇ. ತಲೆಯೇ ಹೋಗಿ ಕಲ್ಲಿಗೆ ಬಡಿದರೆ, ಮುಖ್ಯವಾಗಿ ಹಿಂದಲೆ ಬಡಿದರೆ, ಮಿದುಳು ಎದುರು ಬದಿಯಲ್ಲಿ ಜಜ್ಜಿರುತ್ತದೆ. ಹಿಂದೆ ಬಿದ್ದವನ ಹಣೆಯ ಒಳಗೆ ಪೆಟ್ಟು ಸಿಗುತ್ತದೆ. ಮೊದಲ ಸಲ ನೋಡಿದಾಗ ನನಗೂ ನಂಬಿಕೆ ಬರಲಿಲ್ಲ. ಆದರೆ ಬೆಚ್ಚಗಿನ ನೀರಿನಲ್ಲಿ 12 ದಿನ ಇದ್ದರೆ ಮಿದುಳು ಗಂಜಿಯ ಹಾಗೆ ಕರಗಿ ಈ ಸಾಕ್ಷಿಯೂ ಹೋಗುತ್ತದೆ, ತಲೆಬುರುಡೆಯ ಬಿರುಕು ಮಾತ್ರ ಉಳಿಯುತ್ತದೆ. ಜೊತೆಗೆ ನೀರು ಗಾಯದ ರಕ್ತವನ್ನು ತೊಳೆದುಬಿಡುತ್ತದೆ, ಬದುಕಿದ್ದಾಗ ಆದ ಗಾಯವೂ ಸತ್ತ ಮೇಲೆ ಆದದ್ದರಂತೆ ಬಿಳಿಚಿ ಕಾಣುತ್ತದೆ. ಅದಕ್ಕೆ ತಲೆಚರ್ಮ ಸರಿಸಿ ಒಳಗೆ ರಕ್ತ ಹೆಪ್ಪುಗಟ್ಟಿದೆಯಾ ಅಂತ ನೋಡದೆ ಯಾವ ಮಾತೂ ಆಡಬಾರದು. ದಂಡೆಯ ಮೇಲೆ ನಿಂತು ಹೇಳುವ ಡಾಕ್ಟರನ್ನು ನಂಬಬೇಡಿ ಅನ್ನೋದು ಇದಕ್ಕೇ.

ಹನ್ನೊಂದೂಕಾಲಂತೂ ಆಗೋದೇ ಇಲ್ಲ. ಸಾವಿನ ಹೊತ್ತು ನಿಮಿಷದಲ್ಲಿ ಹೇಳಲು ಬರೋದಿಲ್ಲ, ಅದರಲ್ಲೂ ನೀರಿನ ಹೆಣದಲ್ಲಿ. ನೀರಿನಲ್ಲಿ ಮೈ ಗಾಳಿಗಿಂತ ಬೇಗ ತಣ್ಣಗಾಗುತ್ತದೆ, ಕೊಳೆಯೋದು ನಿಧಾನ, ಮೇಲೆ ತೆಗೆದ ಕೂಡಲೇ ಜೋರು. ಎರಡನೇ ದಿನ ಸಿಕ್ಕರೆ ಇಷ್ಟರಿಂದ ಇಷ್ಟು ಗಂಟೆ ಅನ್ನಬಹುದು. 12 ದಿನಕ್ಕೆ ಸಿಕ್ಕರೆ ಒಂದೂವರೆ ವಾರದಿಂದ ಎರಡು ವಾರ ಅಂತ ಬರೆದು ಸುಮ್ಮನಾಗಬೇಕು. ಹೊಟ್ಟೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ ಇತ್ತು, ಊಟ ಎಂಟಕ್ಕೆ, ಹಾಗಾಗಿ ಹತ್ತಕ್ಕೆ ಸತ್ತ ಅಂತಲೂ ಬರೆಯಬೇಡಿ. ಭಯ, ಪೆಟ್ಟು, ಕುಡಿತ ಇದ್ದರೆ ಹೊಟ್ಟೆ ಗಂಟೆಗಟ್ಟಲೆ ನಿಂತುಬಿಡುತ್ತದೆ. ಪುಂಡಿಪಲ್ಲೆ ಯಾರ ಕೈಯಿಂದ ಬಂತು ಅನ್ನೋದು ನಿಮಗೆ ಜಾಸ್ತಿ ಉಪಯೋಗ.

ಹಾಗಾದರೆ ಕಥೆಗೆ ಯಾವ ದಾರಿ? ಈಗಿನ ಹಾಗೆ ನೆಲದ ಮೇಲೆ ಕೊಂದು ನೀರಿಗೆ ಹಾಕಿಸಿದರೆ, ಹೆಣವನ್ನು ಬೇಗ ಸಿಗುವಂತೆ ಮಾಡಿ. ಆಗ ದೇಹ ಮಾತಾಡುತ್ತದೆ, ತನಿಖೆ ಗಟ್ಟಿಯಾಗುತ್ತದೆ. ಅಪಾಯ ಏನಂದರೆ ಕೊಲೆ ಅಂತ ಮೂರನೇ ಅಧ್ಯಾಯಕ್ಕೇ ಗೊತ್ತಾಗಿ, ಯಾರು ಅನ್ನೋದಷ್ಟೇ ಉಳಿಯುತ್ತದೆ. ಹೊಡೆದು ಎಚ್ಚರ ತಪ್ಪಿಸಿ, ಉಸಿರು ಇರುವಾಗಲೇ ನೀರಿಗೆ ಬಿಟ್ಟ ಅಂತ ಮಾಡಿದರೆ ನೊರೆ, ಕೆಸರು ಎಲ್ಲ ಇರುತ್ತದೆ, ತಲೆಯ ಗಾಯವೂ ಇರುತ್ತದೆ. ಆಗ ಡಾಕ್ಟರು ಮತ್ತು ಪಿಎಸ್‌ಐ ನಡುವೆ ನಿಜವಾದ ಜಗ್ಗಾಟ. ನನಗೆ ಇಷ್ಟವಾದದ್ದು ಮೂರನೆಯದು: ಒಂದೇ ಒಂದು ನೂಕು. ಕತ್ತಲೆ, ಮಳೆ, ಹರಿಗೋಲು. ಮುಳುಗುವವರು ಸಿನಿಮಾದ ಹಾಗೆ ಕೂಗಿ ಕೈ ಬೀಸೋದಿಲ್ಲ ಮಾಸ್ತರೇ. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ, ಉಸಿರಿಗೇ ಸಮಯ ಸಾಲೋದಿಲ್ಲ, ಕೂಗೋದು ದೂರ. ಒಂದು ನಿಮಿಷದೊಳಗೆ, ಪಕ್ಕದಲ್ಲಿ ಕೂತವರಿಗೂ ಗೊತ್ತಾಗದೆ, ಮುಗಿದುಹೋಗಬಹುದು. ಈಜು ಬರುವವರಿಗೂ ಹೀಗಾಗುತ್ತದೆ: ಕುಡಿದಿದ್ದರೆ, ಸೆಳವು ಇದ್ದರೆ, ಧೋತರ ಕಾಲಿಗೆ ಸುತ್ತಿದರೆ, ಬಲೆ ಸಿಕ್ಕರೆ. ಈ ದಾರಿಯ ಅಪಾಯ ಏನಂದರೆ ದೇಹ ನಿಮಗೆ ಏನೂ ಕೊಡೋದಿಲ್ಲ, ಪೂರ್ತಿ ಕಥೆಯನ್ನು ಮನುಷ್ಯರ ಮಾತಿನ ಮೇಲೆ ನಿಲ್ಲಿಸಬೇಕು. ಅದು ಕಷ್ಟ, ಆದರೆ ನಿಮ್ಮ ಪತ್ರ ನೋಡಿದರೆ ನಿಮಗೆ ಆಗುತ್ತದೆ ಅನಿಸುತ್ತದೆ.

ಕಾನೂನಿನ ಕಡೆ ಒಂದೆರಡು ತಿದ್ದುಪಡಿ. ನೀರಿನ ಹೆಣ ಸಿಕ್ಕರೆ ಮೊದಲು ಅಸಹಜ ಸಾವಿನ ವರದಿ, ಅಂದರೆ ಯುಡಿಆರ್ ಆಗುತ್ತದೆ. 2024ರ ಜುಲೈ 1ರಿಂದ ಅದು ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಿಎನ್‌ಎಸ್‌ಎಸ್‌ನ 194ನೇ ಕಲಂ, ಹಳೆಯ ಸಿಆರ್‌ಪಿಸಿಯಲ್ಲಿ 174. ಕೊಲೆ ಅಂತ ಸಂಶಯ ಬಂದರೆ ಭಾರತೀಯ ನ್ಯಾಯ ಸಂಹಿತೆ ಬಿಎನ್‌ಎಸ್‌ನ 103, ಹಳೆಯ ಐಪಿಸಿಯ 302 ಈಗ ಇಲ್ಲ. ಪಂಚರ ಎದುರು ಪಂಚನಾಮೆ, ಆಮೇಲೆ ತಾಲೂಕು ಆಸ್ಪತ್ರೆ. ತೀರಾ ಕೊಳೆತಿದ್ದರೆ ಸ್ಥಳದಲ್ಲೇ ಪಿಎಂ, ಅಂದರೆ ಶವಪರೀಕ್ಷೆ ಮಾಡೋದೂ ಇದೆ, ಹಾಗಾಗಿ ಡಾಕ್ಟರನ್ನು ನಡುಗಡ್ಡೆಗೆ ಕರೆಸಬಹುದು, ಹಗಲಿನಲ್ಲಿ ಮಾತ್ರ. 2021ರ ನವೆಂಬರಿನಿಂದ ಸೌಲಭ್ಯ ಇರುವ ಆಸ್ಪತ್ರೆಗಳಲ್ಲಿ ರಾತ್ರಿ ಪಿಎಂ ಮಾಡಲು ಅವಕಾಶ ಇದೆ, ಆದರೆ ಕೊಲೆಯ ಸಂಶಯ ಇರುವವು, ಕೊಳೆತ ಹೆಣಗಳು ಸಾಮಾನ್ಯವಾಗಿ ಅದರಲ್ಲಿ ಬರೋದಿಲ್ಲ. ಹಾಗಾಗಿ ಒಂದು ರಾತ್ರಿ ಪೂರ್ತಿ ಹೆಣವನ್ನು ಆ ನಡುಗಡ್ಡೆಯಲ್ಲಿ ಯಾರಾದರೂ ಕಾಯಬೇಕಾಗುತ್ತದೆ. ಯಾರು ಕಾಯುತ್ತಾರೆ, ನೀವೇ ಯೋಚಿಸಿ.

ಈಗ ಹುಲ್ಲು.

ಸಾಯುವ ಕ್ಷಣದಲ್ಲಿ ಬಿಗಿಯಾಗಿ ಹಿಡಿದ ಕೈ ಕೆಲವರಲ್ಲಿ ಸಡಿಲವೇ ಆಗದೆ ಹಾಗೇ ಉಳಿದುಬಿಡುತ್ತದೆ. ಸತ್ತ ಮೇಲೆ ಎಲ್ಲರ ಮೈ ಗಟ್ಟಿಯಾಗುತ್ತದಲ್ಲ, ಅದು ಬೇರೆ, ಅದಕ್ಕೆ ಗಂಟೆಗಳು ಬೇಕು. ಇದು ಆ ಕ್ಷಣದಲ್ಲೇ ಆಗೋದು. ಅಪರೂಪ. ಆದರೆ ಮುಳುಗಿದವರಲ್ಲಿ ಸಿಕ್ಕಾಗ ಅದಕ್ಕಿಂತ ಗಟ್ಟಿ ಗುರುತು ನಮಗೆ ಬೇರೆ ಇಲ್ಲ ಅಂದರೂ ನಡೆಯುತ್ತದೆ. ಯಾಕಂದರೆ ಸತ್ತವನ ಕೈಗೆ ಹುಲ್ಲು ತುರುಕಿ ಆ ಹಿಡಿತ ತರಿಸಲು ಯಾರಿಂದಲೂ ಆಗೋದಿಲ್ಲ. ನಿಮ್ಮ ಅಜ್ಜಿ ಹೇಳಿದ್ದು ಹಾಗೇ ಇದ್ದರೆ, ಬೆರಳು ಬಿಡಿಸಿದರೂ ಬಿಡದಿದ್ದರೆ, ನಿಮ್ಮ ಮಾವ ನೀರಿಗೆ ಹೋದಾಗ ಜೀವಂತ ಇದ್ದರು, ಎಚ್ಚರವೂ ಇತ್ತು, ಕೊನೆಯ ತನಕ ದಂಡೆಗೆ ಬರಲು ನೋಡಿದರು. ಬೇರೆ ಕಡೆ ಕೊಂದು ತಂದು ಹಾಕಿದರು ಅನ್ನುವ ಮಾತು ಮನೆಯಲ್ಲಿ ಇದ್ದಿದ್ದರೆ, ಅದನ್ನು ಹುಲ್ಲು ಬಹುಮಟ್ಟಿಗೆ ತಳ್ಳಿಹಾಕುತ್ತದೆ. ಯಾರಾದರೂ ನೂಕಿದರಾ ಅನ್ನೋದಕ್ಕೆ ಹುಲ್ಲಿನಲ್ಲಿ ಉತ್ತರ ಇಲ್ಲ. ನೂಕಿಲ್ಲ ಅಂತಲೂ ಅದು ಹೇಳೋದಿಲ್ಲ. ಇದನ್ನು ಬರೆಯುವಾಗ ನನಗೆ ಬೇಜಾರಾಗುತ್ತದೆ, ಆದರೆ ಇದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ.

ಆ ಕಾಲದ ಪಿಎಂ ವರದಿ, ಪಂಚನಾಮೆಯ ಪ್ರತಿ ಬೇಕಿದ್ದರೆ ಆ ಠಾಣೆಯಲ್ಲಿ, ತಹಶೀಲ್ದಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು ನೋಡಿ. ಇಷ್ಟು ವರ್ಷದ ಕಡತ ಉಳಿದಿರುವ ಖಾತ್ರಿ ಇಲ್ಲ. ಸಿಕ್ಕರೆ ಕೈಗಳ ಬಗ್ಗೆ ಏನು ಬರೆದಿದ್ದಾರೆ ನೋಡಿ, ಉಗುರಿನ ಸಂದಿಯಲ್ಲಿ ಮಣ್ಣು ಇತ್ತಾ ನೋಡಿ, ನನಗೆ ಕಳಿಸಿ. ಕೂತು ಓದಿ ಹೇಳುತ್ತೇನೆ.

ಮತ್ತೆ, ಆ ಹುಲ್ಲನ್ನು ನಿಮ್ಮ ಮಾಲೀಕನ ಮುಷ್ಟಿಯಲ್ಲಿ ಇಡಿ. ಮೂರನೇ ದಾರಿ ಹಿಡಿದು, ಹೆಣ ಮರುದಿನವೇ ಸಿಕ್ಕರೆ ಅದು ಕೂರುತ್ತದೆ. ಅದು ಜೊಂಡು ಹುಲ್ಲಾಗಿರಲಿ. ಜೊಂಡು ದಂಡೆಯ ತೆಳು ನೀರಿನಲ್ಲಿ ಬೆಳೆಯುತ್ತದೆ, ನಡು ಹಿನ್ನೀರಿನಲ್ಲಿ ಇರೋದಿಲ್ಲ. ಹರಿಗೋಲು ಮಗುಚಿದ್ದು ನಡು ನೀರಿನಲ್ಲಿ ಅಂತ ಒಬ್ಬ ಹೇಳಿಕೆ ಕೊಟ್ಟಿದ್ದರೆ, ಜೊಂಡು ಕೈಗೆ ಹೇಗೆ ಬಂತು? ನಿಮ್ಮ ಪಿಎಸ್‌ಐಗೆ ಆ ಹುಲ್ಲನ್ನು ಒಣಗಿಸಿ ಕಾಗದದ ಕವರಿನಲ್ಲಿ ಹಾಕಿ ಸೀಲ್ ಮಾಡಲು ಹೇಳಿ. ಪ್ಲಾಸ್ಟಿಕ್ ಬೇಡ, ಎರಡೇ ದಿನಕ್ಕೆ ಕೊಳೆತುಹೋಗುತ್ತದೆ.